ರುಚಿ ನೋಡಿದ್ದು ಊಟವಲ್ಲ

ಹದಿನಾಲ್ಕು ಕೆಜಿ ಇಳಿಸಿಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ ದಿನ ಸೌಟಕ್ಕನಿಗೆ ಐವತ್ತೆಂಟು ವರ್ಷ, ಎಂಬತ್ತೆಂಟು ಕೆಜಿ. ಡಾಕ್ಟರು ಹೇಳಿದ್ದು ಆಕೆಯ ಮಂಡಿನೋವಿಗಲ್ಲ, ಏದುಸಿರಿಗಲ್ಲ. ಆಕೆಯ ತಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ತಮ್ಮನ ಹೆಂಡತಿಯ ರಕ್ತದ ಗುಂಪು ಹೊಂದುವುದಿಲ್ಲ, ಮಕ್ಕಳಿಲ್ಲ, ಉಳಿದವಳು ಅಕ್ಕನೊಬ್ಬಳೇ. ಅಕ್ಕ ಕೊಡಲು ಸಿದ್ಧ, ತೆಗೆಯಲು ಡಾಕ್ಟರು ಸಿದ್ಧರಿಲ್ಲ. ಇಷ್ಟು ಮೈ ಇಟ್ಟುಕೊಂಡವರ ಕಿಡ್ನಿ ತೆಗೆದರೆ ನಾಳೆ ನಿಮ್ಮನ್ನೇ ಈ ಮಂಚದ ಮೇಲೆ ಮಲಗಿಸಬೇಕಾಗುತ್ತದೆ, ಸಕ್ಕರೆ ಬೇರೆ ಗಡಿಯ ಮೇಲೆ ನಿಂತಿದೆ, ಎಪ್ಪತ್ತನಾಲ್ಕಕ್ಕೆ ಇಳಿದರೆ ಅದೂ ಹಿಂದೆ ಸರಿಯುತ್ತದೆ, ಆಮೇಲೆ ಮಾತಾಡೋಣ ಎಂದರು. ಎಷ್ಟು ದಿನದಲ್ಲಿ ಎಂದು ಆಕೆ ಕೇಳಿದಳು. ಐದಾರು ತಿಂಗಳು, ಅಲ್ಲಿಯವರೆಗೆ ಡಯಾಲಿಸಿಸ್ ಇದೆಯಲ್ಲ, ನಿಮ್ಮ ತಮ್ಮನಿಗೆ ಅಂಥ ಅವಸರವೇನಿಲ್ಲ ಎಂದರು. ಡಾಕ್ಟರು ಅವಸರವಿಲ್ಲ ಎಂದರೆ ಜನ ನಂಬುತ್ತಾರೆ. ನಂಬದೆ ಇನ್ನೇನು ಮಾಡಿಯಾರು?

ಸೌಟಕ್ಕ ಎಂಬುದು ಮೊಳೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಿದ್ದ ಹೆಸರು. ಮೂವತ್ತಮೂರು ವರ್ಷದಿಂದ ಅಲ್ಲಿ ಎರಡು ಪಾಳಿಗೆ ಸೇರಿ ನಾನೂರು ತಟ್ಟೆಯ ಬೇಳೆ, ತರಕಾರಿ, ಅನ್ನ ಆಕೆಯ ಕೈಯಿಂದಲೇ ಇಳಿಯುತ್ತಿತ್ತು. ಮೊಳೆ ಕತ್ತರಿಸುವ ಯಂತ್ರಗಳ ಸದ್ದಿಗೆ ಅರ್ಧ ಕಿವುಡಾದ ಗಂಡಸರು ಊಟದ ಹೊತ್ತಿಗೆ ಸಂತೆಗೆ ಬಂದವರಂತೆ ಕೂಗಾಡುತ್ತ ಒಳಗೆ ನುಗ್ಗುತ್ತಿದ್ದರು. ಮೊದಲ ತುತ್ತು ಬಾಯಿಗೆ ಹೋಯಿತೋ, ಗಪ್‌ಚಿಪ್. ಆ ಮೌನವೇ ಆಕೆಗೆ ಸಿಗುತ್ತಿದ್ದ ಹೊಗಳಿಕೆ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಇಂಥ ಕಡೆ ಹುಟ್ಟಿದ್ದಲ್ಲ. ಇಲ್ಲಿ ಬಡಿಸುವವರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಅವರ ಮುಖವೂ ಯಾರಿಗೂ ನೆನಪಿರುತ್ತಿರಲಿಲ್ಲ. ಸೌಟಕ್ಕ ಎರಡು ದಿನ ಜ್ವರ ಬಂದು ಮಲಗಿದರೆ ಮಾತ್ರ ಮೂರನೆಯ ದಿನ ಮ್ಯಾನೇಜರೇ ಹಣ್ಣು ಹಿಡಿದುಕೊಂಡು ಮನೆ ಬಾಗಿಲಿಗೆ ಬರುತ್ತಿದ್ದರು. ಆ ಹಣ್ಣಿನ ಹಿಂದೆ ಪ್ರೀತಿ ಎಷ್ಟಿತ್ತೋ, ನಾನೂರು ಜನರ ಹೆದರಿಕೆ ಎಷ್ಟಿತ್ತೋ.

ಆಕೆಗೆ ಇದ್ದದ್ದು ಆ ಹೆಸರೊಂದೇ. ತಾಯಿ ಸತ್ತಾಗ ಆಕೆಗೆ ಹದಿನಾಲ್ಕು, ತಮ್ಮನಿಗೆ ಆರು. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದಳು ಎಂದರೆ ಬರಿಯ ಮಾತಿಗಲ್ಲ, ನಿಜವಾಗಿಯೂ ಹೊತ್ತೇ ಸಾಕಿದಳು. ಹುಡುಗ ಕಡ್ಡಿಯಂತಿದ್ದ, ಕಡ್ಡಿ ಎಂದೇ ಕರೆದಳು, ಅವನಿಗೆ ಐವತ್ತಾದರೂ ಆ ಹೆಸರು ಬಿಡಲಿಲ್ಲ. ಮದುವೆಯಾಗಿ ಆರು ವರ್ಷಕ್ಕೆ ಗಂಡ ಹೋದ. ಮೂರನೆಯ ತಿಂಗಳು ಕ್ಯಾಂಟೀನಿಗೆ ಸೇರಿದಳು. ಅಲ್ಲಿಂದ ಮುಂದೆ ತಮ್ಮ ಓದಿದ್ದು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಕಲಿತದ್ದು, ಅವನ ಮದುವೆ, ಅವನು ಮೂರನೆಯ ಮಹಡಿಯಲ್ಲಿ ಹಿಡಿದ ಎರಡು ಕೋಣೆಯ ಮನೆ, ಎಲ್ಲವೂ ಆ ಸೌಟಿನ ಕೆಳಗೇ ನಡೆಯಿತು.

ಆಕೆಗೆ ಅಡುಗೆ ಕಲಿಸಿದ್ದು ಕ್ಯಾಂಟೀನಿನ ಮುದಿ ಅಡುಗೆಯವರೊಬ್ಬರು. ಮಾತು ಒರಟು, ಕೈ ಶುದ್ಧ. ಬೆರಳ ತುದಿಯಲ್ಲಿ ನೆಕ್ಕಿ ರುಚಿ ನೋಡುವವನು ಅಡುಗೆಯವನಲ್ಲ, ಕಳ್ಳ ಎಂಬುದು ಅವರ ಮೊದಲ ಪಾಠ. ನಾಲಗೆಯ ತುದಿಗೆ ಉಪ್ಪು ತಿಳಿಯುತ್ತದೆ, ಅಡುಗೆ ತಿಳಿಯುವುದಿಲ್ಲ. ತಿನ್ನುವವನು ಬಾಯಿ ತುಂಬ ತಿನ್ನುತ್ತಾನೆ, ನೀನೂ ಬಾಯಿ ತುಂಬ ನೋಡಬೇಕು, ನುಂಗಬೇಕು, ನುಂಗಿದ ಮೇಲೆ ಗಂಟಲಲ್ಲಿ ಏನು ಉಳಿಯಿತು ಎಂದು ಒಂದು ನಿಮಿಷ ಕಾಯಬೇಕು ಎನ್ನುತ್ತಿದ್ದರು. ಹಾಗೆಂದು ಒಂದು ಪುಟ್ಟ ಸ್ಟೀಲ್ ಬಟ್ಟಲನ್ನೂ ಕೊಟ್ಟರು. ಸೌಟಿನಿಂದ ಬಟ್ಟಲಿಗೆ, ಬಟ್ಟಲಿನಿಂದ ಬಾಯಿಗೆ. ಬೇಳೆ ಬೆಂದಾಗ ಒಂದು, ಎಣ್ಣೆ ಬಿದ್ದ ಮೇಲೆ ಒಂದು, ಉಪ್ಪು ಕರಗಿದ ಮೇಲೆ ಒಂದು, ಒಲೆ ಆರಿಸಿದ ಮೇಲೆ ಇನ್ನೊಂದು. ಇದು ಒಂದು ಹಂಡೆಗೆ. ಹಂಡೆಗಳು ಮೂರು, ಪಾಳಿಗಳು ಎರಡು. ಮುದುಕರು ಸತ್ತು ಇಪ್ಪತ್ತು ವರ್ಷವಾದರೂ ಸೌಟಕ್ಕ ಒಂದು ದಿನವೂ ಈ ನಿಯಮ ತಪ್ಪಿಸಿದವಳಲ್ಲ.

ನಾನೂರು ಜನ ಉಂಡು ಎದ್ದ ಮೇಲೆ ಆಕೆಗೆ ಹಸಿವೇ ಇರುತ್ತಿರಲಿಲ್ಲ. ಒಲೆಯ ಮುಂದೆ ನಿಂತವರಿಗೆ ವಾಸನೆಗೇ ಹೊಟ್ಟೆ ತುಂಬುತ್ತದೆ ಎನ್ನುತ್ತಿದ್ದಳು. ಎಲ್ಲ ಅಡುಗೆಯವರೂ ಹೀಗೇ ಹೇಳುತ್ತಾರೆ. ತಟ್ಟೆ ಹಾಕಿಕೊಂಡು ಕೂತು ಉಂಡದ್ದನ್ನು ಆಕೆಯ ಜೊತೆ ಕೆಲಸ ಮಾಡಿದವರು ಯಾರೂ ಕಂಡಿಲ್ಲ. ಗಾಳಿ ಕುಡಿದರೂ ನನಗೆ ಮೈ ಬರುತ್ತದೆ ಎಂದು ಆಕೆ ನೊಂದುಕೊಂಡಾಗಲೆಲ್ಲ ತಮ್ಮ ಗಂಭೀರವಾಗಿ, "ಯಾವ ಎಣ್ಣೇಲಿ ಕರಿದ ಗಾಳಿ ಅಕ್ಕ?" ಎಂದು ಕೇಳುತ್ತಿದ್ದ. ಆಕೆ ಅವನ ತಲೆಗೆ ಮೊಟಕುತ್ತಿದ್ದಳು.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಊಟ ತಿಂಡಿಯ ಸಲಹೆ ಹೇಳುವ ಮೇಡಂ ಒಬ್ಬರಿದ್ದರು. ಚಿಕ್ಕ ವಯಸ್ಸು, ತೆಳ್ಳಗಿನ ಮೈ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೇಬು, ಪ್ಲಾಸ್ಟಿಕ್ಕಿನ ಮೊಟ್ಟೆ. ನಾನೂರು ಜನರ ಹೊಟ್ಟೆ ತುಂಬಿಸುವವಳಿಗೆ ಈ ಹುಡುಗಿ ಪ್ಲಾಸ್ಟಿಕ್ ತೋರಿಸಿ ಊಟ ಕಲಿಸುತ್ತಾಳೆ ಎಂದು ಸೌಟಕ್ಕನಿಗೆ ಒಳಗೊಳಗೇ ನಗು. ಆದರೂ ತಮ್ಮನ ವಿಷಯ, ತಲೆ ತಗ್ಗಿಸಿ ಕೇಳಿದಳು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಬೇಳೆಯೋ ಮೊಟ್ಟೆಯೋ. ಕರಿದದ್ದು ಬೇಡ, ಚಹಾಕ್ಕೆ ಸಕ್ಕರೆ ಬೇಡ, ಸಂಜೆ ಏಳರ ಮೇಲೆ ಏನೂ ಬೇಡ. ದಿನಕ್ಕೆ ಮುಕ್ಕಾಲು ಗಂಟೆ ನಡಿಗೆ, ಮೊದಲು ನಿಧಾನ, ಆಮೇಲೆ ಬಿರುಸು. ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದೂ ಇದನ್ನೇ, ಅವರು ಪುಸ್ತಕ ಮಾತ್ರ ಕೇಳಿರಲಿಲ್ಲ.

ನಡಿಗೆಗೆ ನೀರಿನ ಟ್ಯಾಂಕಿನ ಹಿಂದಿದ್ದ ಮೈದಾನ ಆರಿಸಿಕೊಂಡರು. ಬೆಳಗಿನ ಐದೂವರೆಗೆ ತಮ್ಮ ಬಂದು ಅಲ್ಲಿನ ಸಿಮೆಂಟು ಬೆಂಚಿನ ಮೇಲೆ ಕೂರುತ್ತಿದ್ದ. ಡಯಾಲಿಸಿಸ್ ಇದ್ದ ದಿನವೂ ತಪ್ಪಿಸುತ್ತಿರಲಿಲ್ಲ, ಅಲ್ಲಿಂದಲೇ ಆಸ್ಪತ್ರೆಗೆ ಹೋಗುತ್ತಿದ್ದ. ಅಕ್ಕನ ಸುತ್ತುಗಳನ್ನು ಎಣಿಸುವುದು, ಆಕೆಯ ನೀರಿನ ಬಾಟಲಿ ಹಿಡಿದುಕೊಳ್ಳುವುದು ಅವನ ಕೆಲಸ. ಅವನಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ, ಅದನ್ನು ಲೋಟದಲ್ಲಿ ಅಳೆದು ಕುಡಿಯುತ್ತಿದ್ದ. ಅಕ್ಕನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಒಣಗಿದ ತುಟಿಯನ್ನು ನಾಲಗೆಯಲ್ಲಿ ಸವರಿಕೊಳ್ಳುತ್ತ ಕೂತಿರುತ್ತಿದ್ದ, ಒಂದು ಗುಟುಕೂ ಮುಟ್ಟುತ್ತಿರಲಿಲ್ಲ.

ಮೊದಲ ದಿನ ಎರಡು ಸುತ್ತಿಗೆ ಆಕೆ ಐದು ಕಡೆ ನಿಂತಳು. ಮಂಡಿಯೊಳಗೆ ಮರಳು ತುಂಬಿದಂತೆ ಕಿರುಗುಟ್ಟಿತು. ಚಪ್ಪಲಿಯ ಪಟ್ಟಿ ಕಾಲಿನೊಳಗೆ ಹೂತುಹೋಯಿತು. ತಮ್ಮನ ಹೆಂಡತಿ ಮರುದಿನ ಕ್ಯಾನ್ವಾಸ್ ಬೂಟು ತಂದುಕೊಟ್ಟಳು. ಹದಿನೈದು ದಿನಕ್ಕೆ ನಾಲ್ಕು ಸುತ್ತು, ತಿಂಗಳಿಗೆ ಆರು. ತಮ್ಮ ಬೆಂಚಿನಿಂದಲೇ ಎಣಿಕೆ ಕೂಗುತ್ತಿದ್ದ. ಎದುರು ಸಿಕ್ಕ ವಾಕಿಂಗಿನವರು ಇವನಾರೋ ತರಬೇತುದಾರನಿರಬೇಕು ಎಂದುಕೊಂಡಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿದ, ಡಯಾಲಿಸಿಸ್ಸಿಗೆಂದು ಕುತ್ತಿಗೆಗೆ ನಳಿಗೆ ಹಾಕಿಸಿಕೊಂಡ ಎಂಥ ತರಬೇತುದಾರನೋ!

ತಿಂಗಳು ಕಳೆಯಿತು. ತೂಕ ಅರ್ಧ ಕೆಜಿ ಇಳಿದಿತ್ತು. ತಮ್ಮ, ತಮ್ಮನ ಹೆಂಡತಿ, ಸೌಟಕ್ಕ, ಮೂವರೂ ಆ ತೂಕದ ಯಂತ್ರದ ಮುಂದೆ ಪರೀಕ್ಷೆಯಲ್ಲಿ ನಪಾಸಾದವರಂತೆ ನಿಂತರು. ಶುರುವಿನಲ್ಲಿ ಹೀಗೇ, ಮುಂದಿನ ತಿಂಗಳು ಧಡಾರನೆ ಇಳಿಯುತ್ತದೆ ಎಂದು ತಮ್ಮನೇ ಅಕ್ಕನಿಗೆ ಸಮಾಧಾನ ಹೇಳಿದ. ಆಕೆ ಇನ್ನಷ್ಟು ಬಿಗಿ ಹಿಡಿದಳು. ಬೆಳಿಗ್ಗೆ ಒಂದು ಚೂರು ಬ್ರೆಡ್ಡು, ಮಧ್ಯಾಹ್ನ ಸೌತೆಕಾಯಿ, ಸಂಜೆ ಒಂದು ಬಟ್ಟಲು ಗಂಜಿ. ಎಂಟು ಸುತ್ತು. ಬಸ್ಸು ಬಿಟ್ಟು ಕ್ಯಾಂಟೀನಿಗೂ ನಡೆದೇ ಹೋಗತೊಡಗಿದಳು. ಎರಡನೆಯ ತಿಂಗಳು ಇಳಿದದ್ದೂ ಅರ್ಧ ಕೆಜಿ.

ಮೇಡಂ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದರು. ಆಮೇಲೆ ಮೆಲ್ಲಗೆ, "ನೀವು ಬರೆದಿರೋದನ್ನ ಮಾತ್ರ ತಿಂತಿದ್ರೆ ಈ ತೂಕ ನಿಲ್ಲೋದೇ ಸಾಧ್ಯ ಇಲ್ಲಮ್ಮ" ಎಂದರು.

ಸೌಟಕ್ಕನ ಕಿವಿ ಕೆಂಪಾಯಿತು. ಜೀವಮಾನದಲ್ಲಿ ಒಂದು ಹಿಡಿ ಬೇಳೆಯನ್ನೂ ಮನೆಗೆ ಕದ್ದು ಒಯ್ಯದವಳು ಆಕೆ. ತಮ್ಮ ಸಾಯಲು ಬಿದ್ದಿದ್ದಾನೆ, ನಾನು ಕದ್ದು ತಿಂದು ನಿಮ್ಮ ಮುಂದೆ ಸುಳ್ಳು ಬರೆಯುತ್ತೇನೆಯೇ ಎಂದು ಕೇಳಿದಳು. ಮೇಡಂ ಸುಳ್ಳು ಎನ್ನಲಿಲ್ಲ, ಮರೆತಿರಬಹುದು ಎಂದರು. ಏನೂ ಮರೆತಿಲ್ಲ ಎಂದು ಆಕೆ ಎದ್ದು ಬಂದಳು. ಪಾಪ, ಮರೆತಿರಲಿಲ್ಲ ಎಂಬುದು ನಿಜವೇ. ಅಳೆಯುವುದು, ಕಲಕುವುದು, ಒಲೆ ಒರೆಸುವುದು ಹೇಗೋ ರುಚಿ ನೋಡುವುದೂ ಹಾಗೆ. ಅದು ಕೆಲಸ. ಕೆಲಸವನ್ನು ಊಟದ ಪುಸ್ತಕದಲ್ಲಿ ಯಾರು ಬರೆಯುತ್ತಾರೆ?

ಕ್ಯಾಂಟೀನಿನ ಹಿಂಭಾಗದಲ್ಲಿ ಪಾತ್ರೆ ತೊಳೆಯುವ ಹೆಂಗಸು ಸೌಟಕ್ಕನಿಗಿಂತ ನಾಲ್ಕು ವರ್ಷ ದೊಡ್ಡವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಆ ಮಧ್ಯಾಹ್ನ ಸೌಟಕ್ಕ ಆಕೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತು ನಡೆದದ್ದೆಲ್ಲ ಹೇಳಿಕೊಂಡಳು. ನೀರೂ ಹತ್ತುವ ಮೈ ನನ್ನದು, ಏನೂ ತಿನ್ನದೆ ಇದ್ದರೂ ಹೀಗೆ ಎಂದು ಕಣ್ಣೊರೆಸಿಕೊಂಡಳು. ಪಾತ್ರೆಯವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಬೈಕೋಬೇಡ. ನಿನ್ನ ಆ ಬಟ್ಟಲನ್ನ ದಿನಕ್ಕೆ ಎಷ್ಟು ಸಲ ತೊಳೀತೀನಿ ಗೊತ್ತಾ?"

ಸೌಟಕ್ಕನಿಗೆ ಅರ್ಥವಾಗಲಿಲ್ಲ. ಆರೇಳು ಸಲ ಇರಬಹುದು ಎಂದಳು.

"ಇಪ್ಪತ್ತನಾಲ್ಕು. ಹಬೆ ಆಡೋವಾಗಲೇ ಕೊಡ್ತೀಯ, ಕೈ ಸುಟ್ಕೊಂಡು ತೊಳೆಯೋಳು ನಾನು. ನನಗೆ ಲೆಕ್ಕ ತಪ್ಪಲ್ಲ."

ಹಾಗೆ ಹೇಳಿದವಳು ಸುಮ್ಮನಿರದೆ ಎದ್ದು ಒಂದು ಖಾಲಿ ಪಾತ್ರೆ ತಂದಿಟ್ಟಳು. ಬಟ್ಟಲಿನಲ್ಲಿ ನಲ್ಲಿಯ ನೀರು ಹಿಡಿದು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತ ಸುರಿದಳು. ಹತ್ತಾಗುವಾಗ ಸೌಟಕ್ಕ ಸಾಕು ಎಂದಳು. ಪಾತ್ರೆಯವಳು ನಿಲ್ಲಿಸಲಿಲ್ಲ. ಇಪ್ಪತ್ತನಾಲ್ಕಕ್ಕೆ ಪಾತ್ರೆಯ ಕಂಠದವರೆಗೂ ನೀರು ಬಂದು ನಿಂತಿತ್ತು. ಹತ್ತಿರ ಹತ್ತಿರ ಒಂದೂಮುಕ್ಕಾಲು ಲೀಟರ್. ಅದು ನೀರಲ್ಲ, ಎಣ್ಣೆ ತೇಲುವ ಬೇಳೆ, ತರಕಾರಿ, ಆಲೂಗಡ್ಡೆಯ ಮಂದ ರಸ. ಹನಿ ಹನಿ ಗೂಡಿದರೆ ಹಳ್ಳ ಎನ್ನುತ್ತಾರೆ. ಮೂವತ್ತಮೂರು ವರ್ಷ ಆಕೆ ಆ ಹಳ್ಳವನ್ನೇ ಕುಡಿದಿದ್ದಳು, ಒಂದು ಹೊತ್ತೂ ಉಂಡವಳಲ್ಲ ಎಂದುಕೊಂಡು.

ಎರಡು ತಿಂಗಳು ಎಂದಳು ಸೌಟಕ್ಕ. ಪಾತ್ರೆಯವಳು ಆ ನೀರನ್ನು ಮೋರಿಗೆ ಚೆಲ್ಲಿ, ಇವತ್ತಿನಿಂದ ಬಿಟ್ಟರಾಯಿತು, ಹೋದದ್ದು ಹೋಯಿತು ಎಂದಳು.

ಬಿಡುವುದು ಬಾಯಿಮಾತಿನಷ್ಟು ಸುಲಭವಿರಲಿಲ್ಲ. ತಮ್ಮನಿಗೆ ಈ ಸಂಗತಿ ಹೇಳಲು ಆಕೆಗೆ ಬಾಯಿ ಬರಲಿಲ್ಲ. ನಿನ್ನ ಎರಡು ತಿಂಗಳನ್ನು ನಾನು ಬಟ್ಟಲಿನಲ್ಲಿ ಕುಡಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಇನ್ನು ಮೇಲೆ ಸುತ್ತು ಜಾಸ್ತಿ ಮಾಡುತ್ತೇನೆ ಎಂದಷ್ಟೇ ಹೇಳಿದಳು. ಅವನು ಆಕೆಯ ಮುಖ ನೋಡಿ ಸರಿ ಎಂದ.

ಮರುದಿನದಿಂದ ಬಟ್ಟಲು ಮುಟ್ಟಲಿಲ್ಲ. ಬಣ್ಣ ನೋಡಿ, ವಾಸನೆ ನೋಡಿ, ಗುಳ್ಳೆ ಏಳುವ ಸದ್ದು ಕೇಳಿ ಅಡುಗೆ ಮಾಡಿದಳು. ಮೂವತ್ತಮೂರು ವರ್ಷದ ಕೈ, ಅಳತೆ ತಪ್ಪುವುದಿಲ್ಲ ಎಂಬ ಧೈರ್ಯ. ಮೂರನೆಯ ದಿನ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಆ ವಾರವೇ ತರಕಾರಿಗೆ ಉಪ್ಪೇ ಬೀಳಲಿಲ್ಲ. ಪಾತ್ರೆಯವಳ ಕೈಲಿ ರುಚಿ ನೋಡಿಸೋಣವೆಂದರೆ ಅವಳ ನಾಲಗೆ ಹೊಗೆಸೊಪ್ಪಿಗೆ ಸತ್ತು ಹೋಗಿತ್ತು. ಏನು ಕೊಟ್ಟರೂ ಚೆನ್ನಾಗಿದೆ ಎನ್ನುತ್ತಿದ್ದಳು. ಚಮಚದ ತುದಿಯಲ್ಲಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದೆರಡು ಸಲ ನೋಡಿದಳು. ಗಂಟಲಿಗಿಳಿಯದ ರುಚಿ ಆಕೆಗೆ ಅರ್ಥವೇ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಟ್ಟಲಿಗೆ ಒಮ್ಮೆ ಕೈ ಹೋದರೆ ಇಪ್ಪತ್ತನಾಲ್ಕಕ್ಕೆ ಮುಂಚೆ ನಿಲ್ಲುವುದಿಲ್ಲ ಎಂಬ ಹೆದರಿಕೆ. ತಮ್ಮನ ಜೀವ ಇಟ್ಟು ಅಂಥ ಜೂಜಾಡಲು ಆಕೆ ತಯಾರಿರಲಿಲ್ಲ.

ಊಟದ ಮನೆಯಲ್ಲಿ ಮೊದಲ ತುತ್ತಿನ ಮೌನ ನಿಂತುಹೋಯಿತು. ಮೊದಲು ಗೊಣಗಾಟ, ಆಮೇಲೆ ತಟ್ಟೆ ಬಡಿಯುವುದು. ಸೌಟಕ್ಕನಿಗೆ ಅರಳುಮರಳು ಎಂದು ಒಬ್ಬ, ಮನೆಯಲ್ಲಿ ಸಾವುನೋವಿರಬೇಕು ಎಂದು ಇನ್ನೊಬ್ಬ. ಮ್ಯಾನೇಜರು ಎರಡು ಸಲ ಕರೆದು ಸಮಾಧಾನವಾಗಿಯೇ ಕೇಳಿದರು. ಮೂರನೆಯ ಸಲ ಕರೆಯಲಿಲ್ಲ, ಹೊಸ ಅಡುಗೆಯವನನ್ನೇ ತಂದು ಹಂಡೆಗಳ ಮುಂದೆ ನಿಲ್ಲಿಸಿದರು. ಸೌಟಕ್ಕನಿಗೆ ತರಕಾರಿ ಹೆಚ್ಚುವ ಮೇಜು ಸಿಕ್ಕಿತು. ಇನ್ನೆರಡು ವರ್ಷಕ್ಕೆ ನಿವೃತ್ತಿ, ಆರಾಮವಾಗಿ ಕೂತು ಮಾಡಿ ಎಂದರು. ಕೈಯಲ್ಲಿ ಸೌಟಿಲ್ಲದಿದ್ದರೂ ಜನ ಸೌಟಕ್ಕ ಎಂದೇ ಕರೆಯುತ್ತಿದ್ದರು, ಅದು ಅಣಕಿಸಿದಂತೆ ಕೇಳಿಸುತ್ತಿತ್ತು. ಆ ದಿನ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಎಂದು ತಾನೇ ಆಮೇಲೆ ಪಾತ್ರೆಯವಳಿಗೆ ಹೇಳಿದಳು.

ಆದರೆ ತೂಕ ಇಳಿಯಿತು. ಮೂರನೆಯ ತಿಂಗಳಿಗೆ ನಾಲ್ಕು ಕೆಜಿ, ನಾಲ್ಕನೆಯದಕ್ಕೆ ಮೂರೂವರೆ. ಮೈದಾನದಲ್ಲಿ ಹನ್ನೆರಡು ಸುತ್ತು, ಎಲ್ಲೂ ನಿಲ್ಲದೆ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮೇಡಂ ಪ್ಲಾಸ್ಟಿಕ್ ಸೇಬನ್ನು ಪಕ್ಕಕ್ಕೆ ಸರಿಸಿ ಆಕೆಯ ಕೈ ಹಿಡಿದುಕೊಂಡು ಕ್ಷಮಿಸಿ ಎಂದರು. ಸೌಟಕ್ಕನೂ ಬಟ್ಟಲಿನ ಕಥೆ ಅವರಿಗೊಬ್ಬರಿಗೆ ಹೇಳಿದಳು. ಅವರು ನಗಲಿಲ್ಲ, ಅದಕ್ಕಾಗಿ ಆಕೆಗೆ ಅವರ ಮೇಲೆ ಗೌರವ ಬಂತು.

ಅಕ್ಕ ಕರಗಿದಂತೆ ತಮ್ಮನೂ ಕರಗುತ್ತಿದ್ದ, ಅದೇ ತೊಂದರೆ. ಐದನೆಯ ತಿಂಗಳು ಬೆಂಚಿನವರೆಗೆ ನಡೆದು ಬರಲು ಅವನಿಗೆ ಹೆಂಡತಿಯ ಹೆಗಲು ಬೇಕಾಯಿತು. ಎಣಿಕೆ ಕೂಗುವುದು ನಿಂತಿತು, ಪ್ರತಿ ಸುತ್ತಿಗೂ ಒಂದು ಬೆರಳು ಎತ್ತುತ್ತಿದ್ದ. ಇನ್ನೇನು ಬಂದೆ ಕಣೋ ಕಡ್ಡಿ, ತಡಿ ಎಂದು ಆಕೆ ಬೆಂಚು ದಾಟುವಾಗಲೆಲ್ಲ ಹೇಳುತ್ತಿದ್ದಳು. ಅವಸರ ಮಾಡಬೇಡ, ಬಿದ್ದುಗಿದ್ದೀಯ, ನನ್ನ ಕಿಡ್ನಿಗೆ ಪೆಟ್ಟಾದೀತು ಎನ್ನುತ್ತಿದ್ದ ಅವನು. ಆ ಸ್ಥಿತಿಯಲ್ಲೂ ತಮಾಷೆ ಬಿಟ್ಟವನಲ್ಲ.

ಆರೂವರೆ ತಿಂಗಳಿಗೆ ಯಂತ್ರ ಎಪ್ಪತ್ತನಾಲ್ಕು ತೋರಿಸಿತು. ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು. ಡಾಕ್ಟರು ಕಾಗದಗಳನ್ನು ನೋಡಿ ಒಳ್ಳೆಯ ಮನಸ್ಸಿನಿಂದ ಹೊಗಳಿದರು, ಉಳಿದ ಪರೀಕ್ಷೆಗಳಿಗೆ ಮುಂದಿನ ಸೋಮವಾರ ಬನ್ನಿ, ಎಲ್ಲ ಸರಿಯಿದ್ದರೆ ತಿಂಗಳೊಳಗೆ ಆಪರೇಷನ್ ಎಂದರು. ಅದು ಮಂಗಳವಾರ. ಗುರುವಾರ ಡಯಾಲಿಸಿಸ್ ಮುಗಿಸಿ ಬಂದ ತಮ್ಮನಿಗೆ ಚಳಿ ಹತ್ತಿತು. ಕುತ್ತಿಗೆಯ ನಳಿಗೆಯಿಂದ ಸೋಂಕು ರಕ್ತಕ್ಕೆ ಇಳಿದಿತ್ತು. ಶುಕ್ರವಾರ ಅವನಿಗೆ ಮಾತು ನಿಂತಿತು. ಭಾನುವಾರ ಬೆಳಿಗ್ಗೆ, ಸೌಟಕ್ಕ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದಾಗ, ಅವನು ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬಂದವರೆಲ್ಲ ಅಂದರು. ನಳಿಗೆ ಇದ್ದಷ್ಟು ದಿನವೂ ಆ ಅಪಾಯ ಇದ್ದೇ ಇತ್ತು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು.

ಇದ್ದಷ್ಟು ದಿನ. ಸೌಟಕ್ಕ ಹಿಡಿದುಕೊಂಡದ್ದು ಆ ಮಾತನ್ನೇ. ಎರಡು ತಿಂಗಳು ಮೊದಲು ಎಪ್ಪತ್ತನಾಲ್ಕಕ್ಕೆ ಬಂದಿದ್ದರೆ ಆ ನಳಿಗೆಯೇ ಇರುತ್ತಿರಲಿಲ್ಲ. ಈ ಲೆಕ್ಕಕ್ಕೆ ಶಾಲೆಗೆ ಹೋಗಬೇಕಾಗಿಲ್ಲ. ಹದಿನೈದು ದಿನ ಆಕೆ ನಡಿಗೆ ಬಿಡಲಿಲ್ಲ, ಬೆಳಿಗ್ಗೆ ಕಾಲು ತಾನಾಗಿ ಮೈದಾನಕ್ಕೆ ಹೋಗುತ್ತಿತ್ತು, ಎಷ್ಟು ಸುತ್ತಾಯಿತೆಂದು ತಿಳಿಯದೆ ಬಿಸಿಲೇರುವವರೆಗೂ ಸುತ್ತುತ್ತಿದ್ದಳು. ಕೊನೆಗೆ ಒಂದು ಸಂಜೆ, ಹೇಳದಿದ್ದರೆ ಎದೆ ಒಡೆದು ಹೋಗುತ್ತದೆ ಎನ್ನಿಸಿ ತಮ್ಮನ ಮನೆಗೆ ಹೋದಳು.

ತಮ್ಮನ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಅವನ ಅಂಗಿಗಳು ಒಂದು ಕಡೆ, ತನ್ನವು ಒಂದು ಕಡೆ. ಸೌಟಕ್ಕ ಬಾಗಿಲ ಬಳಿಯೇ ನೆಲದ ಮೇಲೆ ಕೂತಳು, ಕೂತವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಬಟ್ಟಲು, ಇಪ್ಪತ್ತನಾಲ್ಕು ಸಲ, ಪಾತ್ರೆಯವಳು ಸುರಿದು ತೋರಿಸಿದ ನೀರು, ಪುಸ್ತಕದಲ್ಲಿ ಬರೆಯದೆ ಹೋದದ್ದು. ನಿನ್ನ ಗಂಡನನ್ನು ನಾನೇ ಕೊಂದೆ, ಬೈಯುವುದಿದ್ದರೆ ಬೈದುಬಿಡು ಎಂದಳು.

ತಮ್ಮನ ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಮುಗಿಸಿದಳು. ಆಮೇಲೆ, "ಅವರಿಗೆ ಗೊತ್ತಿತ್ತು ಅಕ್ಕ" ಎಂದಳು.

ಸೌಟಕ್ಕ ತಲೆಯೆತ್ತಿದಳು.

ಮೊದಲ ತಿಂಗಳ ತೂಕ ನೋಡಿ ಬಂದ ದಿನವೇ ಅವನು ಹೆಂಡತಿಗೆ ಹೇಳಿದ್ದನಂತೆ. ಗಾಜು ಉಜ್ಜುವ ಕೆಲಸ ಕಲಿಯುವ ಮೊದಲು, ಮೀಸೆ ಮೂಡುವ ವಯಸ್ಸಿನಲ್ಲಿ, ದಿನವೂ ಕ್ಯಾಂಟೀನಿನ ಹಿಂಬಾಗಿಲಿನಲ್ಲಿ ನಿಂತು ಅಕ್ಕ ಆ ಬಟ್ಟಲು ಎತ್ತುವುದನ್ನು ನೋಡಿದವನು ಅವನು. ಈಗಂತೂ ಗುಟುಕು ಗುಟುಕಿಗೂ ಲೆಕ್ಕವಿಟ್ಟು ಕುಡಿಯುವವನು, ಅವನಿಗೆ ತಿಳಿಯದೆ ಇರುತ್ತದೆಯೇ? ಊಟದ ಪುಸ್ತಕದಲ್ಲಿ ಏನಿಲ್ಲ ಎಂಬುದು ಒಂದು ಸಲ ಕಣ್ಣಾಡಿಸಿದ ಕೂಡಲೇ ಗೊತ್ತಾಯಿತಂತೆ. ಹೇಳೋಣ ಎಂದು ಹೆಂಡತಿ ಗೋಗರೆದಳು. ಬೇಡ ಎಂದು ಆಣೆ ಹಾಕಿಸಿಕೊಂಡ. ಅಕ್ಕನಿಗೆ ಇರುವುದು ಅದೊಂದು ನಾಲಗೆ, ಅದನ್ನು ಕಿತ್ತುಕೊಂಡು ನಾನು ಬದುಕಬೇಕೇ, ಡಾಕ್ಟರು ಅವಸರವಿಲ್ಲ ಎಂದಿದ್ದಾರೆ, ನಡೆದೇ ಇಳಿಸುತ್ತಾಳೆ, ಸ್ವಲ್ಪ ತಡವಾಗುತ್ತದೆ ಅಷ್ಟೇ ಎಂದನಂತೆ. ಆಕೆಗೆ ತರಕಾರಿ ಹೆಚ್ಚುವ ಮೇಜು ಕೊಟ್ಟರೆಂದು ತಿಳಿದ ದಿನ ಡಯಾಲಿಸಿಸ್ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಅತ್ತನಂತೆ.

ಎರಡು ತಿಂಗಳು ದಿನವೂ ಆ ಬೆಂಚಿನ ಮೇಲೆ, ಈ ಸುತ್ತುಗಳೆಲ್ಲ ನೀರಿನಲ್ಲಿ ಹೋಮ ಎಂದು ತಿಳಿದೂ, ಒಂದು ಎರಡು ಮೂರು ಎಂದು ಎಣಿಸಿದ್ದ.

ಸೌಟಕ್ಕನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅವನು ಎದುರಿಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದಳು. ಬಾರಿಸಲು ಅವನಿರಲಿಲ್ಲ, ಮಡಿಸಿಟ್ಟ ಅಂಗಿಗಳಿದ್ದವು.

"ಒಂದು ಮಾತು ಹೇಳಿದ್ದಿದ್ರೆ ಅವತ್ತೇ ಬಿಡ್ತಿದ್ನಲ್ಲೇ" ಎಂದಳು. "ಒಂದೇ ಒಂದು ಮಾತು."

"ನೀವು ಬಿಟ್ಟೇಬಿಡ್ತೀರಿ ಅಂತ ಗೊತ್ತಿತ್ತು ಅಕ್ಕ. ಅದಕ್ಕೇ ಹೇಳಲಿಲ್ಲ."

ಹೇಳಿದವಳ ಮುಖ ಆಗ ನೋಡುವಂತಿರಲಿಲ್ಲ. ಆಣೆ ಮುರಿದಿದ್ದರೆ ಗಂಡ ಉಳಿಯುತ್ತಿದ್ದನೋ ಏನೋ ಎಂದು ಇಷ್ಟು ದಿನ ಅವಳೂ ಒಬ್ಬಳೇ ಸುಟ್ಟುಕೊಂಡಿದ್ದಳು. ಬೈಯಿಸಿಕೊಳ್ಳಲು ಬಂದವಳೂ ಬೈಯಬೇಕಾದವಳೂ ಒಂದೇ ದೋಣಿಯಲ್ಲಿ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಅಂಗಿಗಳನ್ನು ಪಕ್ಕಕ್ಕಿಟ್ಟು ತಮ್ಮನ ಹೆಂಡತಿ ಊಟ ಮಾಡಿಕೊಂಡು ಹೋಗಿ ಎಂದಳು. ಬೇಡ ಎಂದಳು ಸೌಟಕ್ಕ.

ಏಳಲು ಆಕೆ ಅಭ್ಯಾಸಬಲದಿಂದ ಬಾಗಿಲ ಚೌಕಟ್ಟಿಗೆ ಕೈ ಚಾಚಿದಳು, ಆದರೆ ಹಿಡಿಯುವ ಮೊದಲೇ ಎದ್ದು ನಿಂತಾಗಿತ್ತು. ಮೂರು ಮಹಡಿಯ ಮೆಟ್ಟಿಲು ಇಳಿದಳು. ವರ್ಷದ ಹಿಂದೆ ಇದೇ ಮೆಟ್ಟಿಲಿಗೆ ಪ್ರತಿ ತಿರುವಿನಲ್ಲೂ ಕೂರುತ್ತಿದ್ದಳು. ಈಗ ಎಲ್ಲಿಯೂ ನಿಲ್ಲಬೇಕಾಗಲಿಲ್ಲ, ಏದುಸಿರು ಬರಲಿಲ್ಲ, ಮಂಡಿ ಹಿಡಿಯಲಿಲ್ಲ. ಎಲ್ಲಾದರೂ ಒಂದು ಕಡೆ ನೋಯಬಾರದೇ ಎಂದು ಆಕೆ ಕಾದಳು. ಮೈ ಹಗುರವಾಗಿ, ಚೆನ್ನಾಗಿ, ಬೀದಿಯವರೆಗೂ ಇಳಿದು ಬಂತು.